ಘಟ್ಟದ ಊರಿನ ಕಸಕ್ಕೆ ಯಾವ ಕಾನೂನು?

ಶಿರಸಿ ತಾಲೂಕಿನ ಮತ್ತಿಘಟ್ಟದಂತಹ ಊರಿನ ಕಸದ ಕುರಿತು ಈ ಅಂಕಣದಲ್ಲಿ ಬರೆಯಬೇಕಾದೀತೆಂದು ಮೂವತ್ತು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ ನಾವು ನಕ್ಕುಬಿಡುತ್ತಿದ್ದೆವು. ಹೆಸರಿನಲ್ಲಿಯೇ ಮತ್ತಿಯ ಮರವನ್ನೂ ಘಟ್ಟವನ್ನೂ ಹೊತ್ತಿರುವ ಊರದು. ಕಣಿವೆಯಲ್ಲಿ ಅಡಕೆ ತೋಟ, ತೋಟದ ತಲೆಯಲ್ಲಿ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಬದುಕು ಬಹುಕಾಲದಿಂದ ಹೀಗೆಯೇ ನಡೆದು ಬಂದಿದೆ. ಅಡಿಗೆಮನೆಯ ಸಿಪ್ಪೆ ಕೊಟ್ಟಿಗೆಗೆ ಹೋಗುತ್ತಿತ್ತು. ಕೊಟ್ಟಿಗೆಯ ಸಗಣಿ ಬೆಟ್ಟದ ಸೊಪ್ಪಿನೊಡನೆ ಗೊಬ್ಬರಗುಂಡಿಗೆ. ಅಲ್ಲಿಂದ ಮರಳಿ ತೋಟಕ್ಕೆ. ಹರಿದ ಬಟ್ಟೆ ಒರಸಾಗುತ್ತಿತ್ತು, ಒಡೆದ ಮಡಕೆ ಮಣ್ಣಾಗುತ್ತಿತ್ತು. ಎಸೆಯಲು ಏನೂ ಉಳಿಯದ ಕಾರಣ ಎಸೆಯುವ ಸ್ಥಳದ ಅಗತ್ಯವೂ ಬೀಳಲಿಲ್ಲ.

ಆ ಗೊಬ್ಬರಗುಂಡಿ ಇಂದಿಗೂ ಇದೆ, ತನ್ನ ಕೆಲಸವನ್ನು ಮಾಡುತ್ತಲೂ ಇದೆ. ಆದರೆ ಅದು ಒಪ್ಪಿಕೊಳ್ಳದ ವಸ್ತುಗಳ ರಾಶಿ ಮನೆಯ ಹಿತ್ತಲಿನಲ್ಲಿ ಬೆಳೆಯುತ್ತಿದೆ. ಹಾಲಿನ ಪೊಟ್ಟಣ, ಬಿಸ್ಕತ್ತಿನ ಹೊದಿಕೆ, ಶಾಂಪೂವಿನ ಚೀಟಿಗಳು ಎಲ್ಲ ಊರುಗಳಲ್ಲಿಯೂ ಇರುವಂಥವು, ಅವನ್ನು ಬಿಡೋಣ. ಈ ಸೀಮೆಗೇ ವಿಶಿಷ್ಟವಾದ ಕಸವೂ ಒಂದಿದೆ. ಕೊಳೆರೋಗದಿಂದ ಅಡಕೆ ಗೊನೆಯನ್ನು ಉಳಿಸಿಕೊಳ್ಳಲು ಮಳೆಗಾಲಕ್ಕೆ ಮುನ್ನ ಕೊಟ್ಟೆ ಕಟ್ಟುವ ಪದ್ಧತಿಯನ್ನು ಬಲ್ಲವರು ಬಲ್ಲರು. ಹಿಂದೆ ಕರಡದ ಹುಲ್ಲಿನಿಂದ ಹೆಣೆದ ಕೊಟ್ಟೆ ಮಳೆ ಮುಗಿದ ಮೇಲೆ ಮರದ ಬುಡದಲ್ಲಿಯೇ ಕರಗಿಹೋಗುತ್ತಿತ್ತು. ಅದರ ಜಾಗಕ್ಕೆ ಪ್ಲಾಸ್ಟಿಕ್ ಕೊಟ್ಟೆ ಬಂದಿತು. ಕರಡ ಕೊಯ್ದು ತಂದು ಹೆಣೆಯುವ ಆಳು ಸಿಗದ ಕಾಲದಲ್ಲಿ ರೈತನನ್ನು ದೂರಿ ಫಲವಿಲ್ಲ. ಆದರೆ ಒಂದೆರಡು ಮಳೆ ಕಂಡ ಆ ಹಾಳೆ ಚಿಂದಿಯಾಗಿ ತೋಟದ ಕಾದಿಗೆಗೆ ಬೀಳುತ್ತದೆ, ಕಾದಿಗೆಯಿಂದ ಹಳ್ಳಕ್ಕೆ ಇಳಿಯುತ್ತದೆ. ಇದರ ಜೊತೆಗೆ ಮೈಲುತುತ್ತದ ಚೀಲ, ಕಳೆನಾಶಕದ ಡಬ್ಬಿ, ಅಡಕೆ ಒಣಗಿಸಿ ಹರಿದ ತಾಡಪಾಲು, ಪೈಪಿನ ತುಂಡು.

ಇನ್ನೊಂದು ವಿಚಿತ್ರವನ್ನೂ ಇಲ್ಲಿ ಹೇಳಿಬಿಡಬೇಕು. ನಮ್ಮ ತೋಟಗಳಿಂದ ಮೂಟೆಯಲ್ಲಿ ಹೊರಟ ಅಡಕೆ ಉತ್ತರ ದೇಶದ ಕಾರ್ಖಾನೆಗಳನ್ನು ಸುತ್ತಿ, ಥಳಥಳಿಸುವ ಚೀಟಿಗಳಲ್ಲಿ ಮರಳಿ ನಮ್ಮ ರಸ್ತೆಯ ಅಂಚಿಗೇ ಬಂದು ಬೀಳುತ್ತದೆ. ಗುಟ್ಕಾ, ತಂಬಾಕು, ಪಾನ್ ಮಸಾಲೆಗಳನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ಮಾರಬಾರದೆಂದು 2011ರ ನಿಯಮವೇ ಹೇಳಿದೆ. ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಆದೇಶಿಸಿತ್ತು. ಆದರೂ ಹೊಳೆಯುವ ಚೀಟಿಗಳು ರಸ್ತೆಯ ಅಂಚಿನಿಂದ ಮರೆಯಾಗಿಲ್ಲ. ಅಡಕೆಯ ಬೆಲೆ ಏರಲೆಂದು ಹಾರೈಸುವ ಕೈಯೇ ಆ ಚೀಟಿಯನ್ನು ಹೆಕ್ಕಬೇಕಾಗಿ ಬಂದಿದೆ.

ಇಂತಹ ಕಸವನ್ನು ಮನೆಯವರು ಏನು ಮಾಡುತ್ತಾರೆ? ಇರುವುದು ಮೂರೇ ದಾರಿ. ಬಚ್ಚಲ ಒಲೆಗೆ ಹಾಕಿ ಸುಡುವುದು, ಹಿತ್ತಲಿನಲ್ಲಿ ಹೂಳುವುದು, ಇಲ್ಲವೇ ಚೀಲದಲ್ಲಿ ಕಟ್ಟಿಕೊಂಡು ಶಿರಸಿಗೋ ಕುಮಟೆಗೋ ಹೋಗುವಾಗ ಘಟ್ಟದ ತಿರುವಿನಲ್ಲಿ ವಾಹನ ನಿಧಾನಿಸಿ ಕಣಿವೆಗೆ ಎಸೆಯುವುದು. ಮೂರನೆಯದನ್ನು ಮಾಡುವವರಲ್ಲಿ ಪ್ರವಾಸಿಗರೇ ಹೆಚ್ಚೆಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಎಸೆದ ಚೀಲದೊಳಗೆ ಪಡಿತರದ ಚೀಟಿಯೂ ಶಾಲೆಯ ನೋಟುಪುಸ್ತಕವೂ ಸಿಗುವುದನ್ನು ಕಂಡವರು ಹಾಗೆ ಹೇಳಲಾರರು. ಈ ಪಡುವಣ ಘಟ್ಟದ ಹಳ್ಳಗಳು ಅಘನಾಶಿನಿಗೋ ಗಂಗಾವಳಿಗೋ ಸೇರಿ ಕಡಲಿಗಿಳಿಯುತ್ತವೆ. ಅಘನಾಶಿನಿಯ ಅಳಿವೆಯನ್ನು 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಗಿದೆ. ಆ ಅಳಿವೆಯಲ್ಲಿ ಚಿಪ್ಪಿಕಲ್ಲು ಆರಿಸಿ ಜೀವನ ಸಾಗಿಸುವ ಕುಟುಂಬಗಳ ಬುಟ್ಟಿಯಲ್ಲಿ ನಮ್ಮ ಕೊಟ್ಟೆಯ ಚಿಂದಿ ದೊರೆತರೆ ಆಶ್ಚರ್ಯಪಡುವಂತಿಲ್ಲ.

ಹಾಗಾದರೆ ಕಾನೂನು ಎಲ್ಲಿತ್ತು? ಇದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1992ರಲ್ಲಿ ಸಂವಿಧಾನಕ್ಕೆ 73 ಮತ್ತು 74ನೆಯ ತಿದ್ದುಪಡಿಗಳಾದವು. ನಗರ ಸಂಸ್ಥೆಗಳ ಕಾರ್ಯಗಳನ್ನು ಪಟ್ಟಿ ಮಾಡುವ ಹನ್ನೆರಡನೆಯ ಅನುಸೂಚಿಯಲ್ಲಿ ಘನತ್ಯಾಜ್ಯ ನಿರ್ವಹಣೆ ಎಂಬ ಮಾತು ಸ್ಪಷ್ಟವಾಗಿ ಇದೆ. ಪಂಚಾಯತಿಗಳ 29 ವಿಷಯಗಳುಳ್ಳ ಹನ್ನೊಂದನೆಯ ಅನುಸೂಚಿಯಲ್ಲಿ ಆ ಮಾತಿಲ್ಲ. ಆರೋಗ್ಯ ಮತ್ತು ನೈರ್ಮಲ್ಯ ಎಂದಷ್ಟೇ ಇದೆ. ಇದನ್ನು ಬರೆದವರ ಕಣ್ಣಿನಲ್ಲಿ ಕಸವೆಂಬುದು ಪಟ್ಟಣದ ವಸ್ತು. ಅಂದಿನ ಮಟ್ಟಿಗೆ ಅದು ತಪ್ಪು ಗ್ರಹಿಕೆಯೂ ಆಗಿರಲಿಲ್ಲವೆನ್ನಿ.

1994ರ ಸೆಪ್ಟೆಂಬರಿನಲ್ಲಿ ಸೂರತ್ ನಗರದಲ್ಲಿ ಪ್ಲೇಗಿನ ಭೀತಿ ಹಬ್ಬಿ ಲಕ್ಷಾಂತರ ಜನ ಊರು ಬಿಟ್ಟು ಓಡಿದಾಗ ದೇಶ ಮೊದಲ ಬಾರಿಗೆ ತನ್ನ ಕಸದ ರಾಶಿಯನ್ನು ಕಣ್ಣೆತ್ತಿ ನೋಡಿತು. 1996ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ನ್ಯಾಯಾಲಯ ನೇಮಿಸಿದ ಸಮಿತಿಯ ವರದಿ 1999ರಲ್ಲಿ ಬಂದು, 2000ದ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಘನತ್ಯಾಜ್ಯದ ಮೊದಲ ನಿಯಮಾವಳಿಯನ್ನು ಹೊರಡಿಸಿತು. ಅದರ ಹೆಸರೇ ಪೌರ ಘನತ್ಯಾಜ್ಯ ನಿಯಮಗಳು. ಪುರಸಭೆ, ನಗರಸಭೆ, ಮಹಾನಗರಪಾಲಿಕೆಗಳಿಗೆ ಮಾತ್ರ ಅನ್ವಯ. ಹಳ್ಳಿ ಅದರ ಹೊರಗೆ ಉಳಿಯಿತು.

ಹೊರಗೆ ಉಳಿದದ್ದರ ಪರಿಣಾಮವನ್ನು ಅನುಭವಿಸಿದವರು ಹಳ್ಳಿಯವರೇ. ನಗರ ಸ್ವಚ್ಛವಾಗಬೇಕೆಂದರೆ ನಗರದ ಕಸ ಎಲ್ಲಿಗಾದರೂ ಹೋಗಬೇಕಲ್ಲವೇ? ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ ಹೋಯಿತು. ಅಲ್ಲಿನ ಜನರ ಪ್ರತಿಭಟನೆಯ ನಂತರ 2012ರಲ್ಲಿ ಅದು ನಿಂತಾಗ ಮಂಡೂರಿನ ಹೊರೆ ಹೆಚ್ಚಿತು. ಮಂಡೂರಿನ ಜನ ಹೋರಾಡಿ 2014ರ ಕೊನೆಗೆ ಅದನ್ನೂ ನಿಲ್ಲಿಸಿದರು. ನಮ್ಮ ಕರಾವಳಿಯ ಓದುಗರಿಗೆ ಇನ್ನೂ ಹತ್ತಿರದ ಉದಾಹರಣೆ ಮಂಗಳೂರಿನ ಪಚ್ಚನಾಡಿ. 2019ರ ಆಗಸ್ಟ್ ತಿಂಗಳ ಮಳೆಗೆ ಅಲ್ಲಿನ ಕಸದ ಗುಡ್ಡ ಕುಸಿದು ಮಂದಾರ ಪ್ರದೇಶದತ್ತ ಹರಿಯಿತು. ತೆಂಗು, ಅಡಕೆಯ ತೋಟಗಳು ಅದರಡಿ ಹೂತುಹೋದವು; ಕುಟುಂಬಗಳು ಹುಟ್ಟಿ ಬೆಳೆದ ಮನೆಗಳನ್ನು ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ಇಳಿಜಾರಿನ ಮೇಲೆ ರಾಶಿ ಹಾಕಿದ ಕಸ ಮಳೆಗಾಲದಲ್ಲಿ ಏನಾಗುತ್ತದೆ ಎಂಬುದಕ್ಕೆ ಘಟ್ಟದ ಜನರಿಗೆ ಬೇರೆ ಸಾಕ್ಷ್ಯ ಬೇಕಿಲ್ಲ.

2016 ಈ ವಿಷಯದಲ್ಲಿ ಒಂದು ತಿರುವು. ಆ ವರ್ಷದ ಮಾರ್ಚಿನಲ್ಲಿ ಬಂದ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಗ್ರಾಮ ಪಂಚಾಯತಿಯ ಮೇಲೆ ನೇರವಾಗಿ ಹೊಣೆ ಹೊರಿಸಿದವು. ಅದೇ ತಿಂಗಳಿನಲ್ಲಿ ಕರ್ನಾಟಕ ಸರಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಬ್ಯಾನರುಗಳನ್ನು ನಿಷೇಧಿಸಿತು. ಏಪ್ರಿಲ್ 8ರಂದು ಹೊಸ ಘನತ್ಯಾಜ್ಯ ನಿಯಮಾವಳಿಯೂ ಪ್ರಕಟವಾಯಿತು. ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಬೇಕು, ಬೀದಿಯಲ್ಲಿ, ಚರಂಡಿಯಲ್ಲಿ, ಜಲಮೂಲದಲ್ಲಿ ಎಸೆಯಕೂಡದು, ಸುಡಕೂಡದು, ಹೂಳಕೂಡದು ಎಂದು ಅದು ವಿಧಿಸಿತು. ಗುಡ್ಡಗಾಡಿನ ಊರುಗಳಿಗೆ ಅದರಲ್ಲೊಂದು ವಿಶೇಷ ಮಾತಿತ್ತು: ಗುಡ್ಡದ ಮೇಲೆ ಕಸದ ಭೂಭರ್ತಿಯನ್ನು ಮಾಡಬಾರದು, 25 ಕಿಲೋಮೀಟರಿನೊಳಗೆ ಕೆಳಗಿನ ಬಯಲಿನಲ್ಲಿ ಸ್ಥಳ ಹುಡುಕಬೇಕು. ಓದಲು ಚೆನ್ನಾಗಿದೆ. ಆದರೆ ನಮ್ಮ ಘಟ್ಟದ ಕೆಳಗಿನ ಬಯಲೆಂದರೆ ಕುಮಟೆ, ಅಂಕೋಲೆಯ ಇಕ್ಕಟ್ಟಾದ ಕರಾವಳಿ ಪಟ್ಟಿ, ಅದರಲ್ಲಿ ಅರ್ಧ ಗಜನಿ. ಇನ್ನೊಂದು ಮಗ್ಗುಲಿಗೆ ಇಳಿದರೆ ಬನವಾಸಿ ಸೀಮೆಯ ಗದ್ದೆ. ಯಾರ ಗದ್ದೆಗೆ ಹಾಕೋಣ? ಆದುದರಿಂದ ಘಟ್ಟದ ಊರಿಗೆ ರಾಶಿ ಹಾಕುವ ಮಾರ್ಗವೇ ಇಲ್ಲ. ಬೇರ್ಪಡಿಸಿ ಮರುಬಳಕೆಗೆ ಕಳುಹಿಸುವುದೊಂದೇ ಉಳಿದಿರುವುದು.

ಈಗ ಆ 2016ರ ನಿಯಮಾವಳಿಯ ಸ್ಥಾನದಲ್ಲಿ ಮತ್ತೊಂದು ಬಂದಿದೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಪ್ರಕಟವಾದ ಈ ನಿಯಮಗಳು ಮನೆಯ ಕಸವನ್ನು ನಾಲ್ಕು ಬಗೆಯಾಗಿ ವಿಂಗಡಿಸಲು ಹೇಳುತ್ತವೆ: ಹಸಿ, ಒಣ, ನೈರ್ಮಲ್ಯದ ಕಸ, ವಿಶೇಷ ಜಾಗ್ರತೆಯ ಕಸ. ಮಗುವಿನ ಡೈಪರು, ಸ್ತ್ರೀಯರ ಪ್ಯಾಡು ಮೂರನೆಯದಕ್ಕೆ ಸೇರುತ್ತವೆ. ಬಣ್ಣದ ಡಬ್ಬಿ, ಬಲ್ಬು, ಅವಧಿ ಮೀರಿದ ಔಷಧ ನಾಲ್ಕನೆಯದಕ್ಕೆ. ಗುಡ್ಡಗಾಡಿನ ಸ್ಥಳೀಯ ಸಂಸ್ಥೆಗಳು ಪ್ರವಾಸಿಗರಿಂದ ಶುಲ್ಕ ಪಡೆಯಬಹುದು. ಜಲಪಾತ ನೋಡಲು ಬಂದವರ ಬಾಟಲಿ ಹೆಕ್ಕುವ ಖರ್ಚನ್ನು ಊರಿನವರೇ ಹೊರುವ ಅನ್ಯಾಯಕ್ಕೆ ಇದರಲ್ಲಿ ಒಂದಿಷ್ಟು ಪರಿಹಾರವಿದೆ.

ನಿಯಮವೇನೋ ಸರಿ. ಆದರೆ ಮತ್ತಿಘಟ್ಟದಂತಹ ಊರಿನಲ್ಲಿ ಅದು ನಡೆಯುವುದು ಹೇಗೆ ಎಂಬುದೇ ನಮ್ಮ ಪ್ರಶ್ನೆ. ಲೆಕ್ಕವನ್ನೇ ನೋಡೋಣ. 2020ರಲ್ಲಿ ಅನುಮೋದನೆಗೊಂಡ ಸ್ವಚ್ಛ ಭಾರತ ಗ್ರಾಮೀಣ ಯೋಜನೆಯ ಎರಡನೆಯ ಹಂತದಲ್ಲಿ 5000 ಜನಸಂಖ್ಯೆಯವರೆಗಿನ ಗ್ರಾಮಕ್ಕೆ ಘನತ್ಯಾಜ್ಯದ ಕೆಲಸಕ್ಕಾಗಿ ತಲೆಗೆ ಗರಿಷ್ಠ 60 ರೂಪಾಯಿ ನಿಗದಿಯಾಯಿತು. ಎರಡು ಸಾವಿರ ಜನರಿರುವ ಊರಿಗೆ ಇದು 1,20,000 ರೂಪಾಯಿ. ಅದೂ ಪ್ರತಿವರ್ಷದ ಹಣವಲ್ಲ, ಸೌಕರ್ಯ ನಿರ್ಮಾಣಕ್ಕೆ ದೊರೆಯುವ ಹಣ. ಒಂದು ಶೆಡ್ಡು ಕಟ್ಟಿ, ಕಸದ ವಾಹನ ಕೊಂಡು, ತೂಕದ ಯಂತ್ರ ಇಡಲು ಇದು ಸಾಲದು. ಹಣಕಾಸು ಆಯೋಗದ ಅನುದಾನದಲ್ಲಿ ನೈರ್ಮಲ್ಯಕ್ಕೆ ಮೀಸಲಾದ ಭಾಗವನ್ನೂ ಕೂಡಿಸಬೇಕು. ವಾಹನ ಬಂದ ಮೇಲೆ ಇಂಧನಕ್ಕೆ, ಚಾಲಕಿಗೆ, ಟಯರಿಗೆ ಹಣ ಬೇಕು. ಬಯಲುಸೀಮೆಯ ಹಳ್ಳಿಯಲ್ಲಿ ಒಂದು ಬೀದಿ ಸುತ್ತಿದರೆ ನೂರು ಮನೆಯ ಕಸ ಸಿಕ್ಕೀತು. ಇಲ್ಲಿ ಒಂದು ತೋಟದ ಮನೆಯಿಂದ ಇನ್ನೊಂದಕ್ಕೆ ಹೋಗಲು ಹಳ್ಳ ದಾಟಿ ಏರು ಹತ್ತಬೇಕು. ನಿತ್ಯ ಮನೆಬಾಗಿಲಿಗೆ ವಾಹನ ಎಂಬ ನಗರದ ಪದ್ಧತಿಯನ್ನು ಇಲ್ಲಿಗೆ ತಂದರೆ ಕಸಕ್ಕಿಂತ ಡೀಸೆಲಿನ ತೂಕವೇ ಹೆಚ್ಚಾದೀತು.

ಅದರ ಅಗತ್ಯವೂ ಇಲ್ಲವೆಂಬುದು ನಮ್ಮ ಅಭಿಪ್ರಾಯ. ನಗರದಲ್ಲಿ ಕಸವನ್ನು ದಿನವೂ ಎತ್ತಬೇಕಾದುದು ಹಸಿ ಕಸ ಕೊಳೆಯುತ್ತದೆಂಬ ಕಾರಣಕ್ಕೆ. ಘಟ್ಟದ ಮನೆಯಲ್ಲಿ ಹಸಿ ಕಸವನ್ನು ಗೊಬ್ಬರಗುಂಡಿ ನೋಡಿಕೊಳ್ಳುತ್ತದೆ. ಉಳಿದ ಪ್ಲಾಸ್ಟಿಕ್, ಗಾಜು, ತಗಡುಗಳನ್ನು ತೊಳೆದು ಒಣಗಿಸಿ ಚೀಲದಲ್ಲಿಟ್ಟರೆ ಒಂದು ತಿಂಗಳು ನಾರುವುದಿಲ್ಲ. ತಿಂಗಳಿಗೊಂದು ಗೊತ್ತಾದ ದಿನ, ಹಾಲಿನ ಡೇರಿಯ ಬಳಿಯೋ ನ್ಯಾಯಬೆಲೆ ಅಂಗಡಿಯ ಬಳಿಯೋ ವಾಹನ ಬಂದು ನಿಂತರೆ ಸಾಕು. ಹೇಗೂ ಅಲ್ಲಿಗೆ ಜನ ಬಂದೇ ಬರುತ್ತಾರೆ. ಮಾತಿಗೆ ತಪ್ಪದೆ ಅದು ಬರಬೇಕು, ಅಷ್ಟೇ. ಎರಡು ಬಾರಿ ಚೀಲ ಹೊತ್ತು ಬಂದು ವಾಹನ ಕಾಣದೆ ಮರಳಿದವನು ಮೂರನೆಯ ಸಲ ಬೆಂಕಿಕಡ್ಡಿ ಗೀರುತ್ತಾನೆ.

ಆದರೆ ಡೈಪರನ್ನು ತಿಂಗಳು ಇಡಲಾಗದು. ಇದಕ್ಕೆ ಈ ಲೇಖಕನಲ್ಲಿ ಸುಲಭದ ಉತ್ತರವಿಲ್ಲ. ಪುಟ್ಟ ಮಗುವೋ ಹಾಸಿಗೆ ಹಿಡಿದ ಹಿರಿಯರೋ ಇರುವ ಮನೆಗಳನ್ನು ಪಂಚಾಯತಿ ಗುರುತಿಸಿ ಆ ಮನೆಗಳಿಗೆ ವಾರಕ್ಕೊಮ್ಮೆ ಏರ್ಪಾಡು ಮಾಡಬೇಕಾದೀತು. ಹಗಲಿನಲ್ಲಿ ಹಳೆಯ ಬಟ್ಟೆಯ ಲಂಗೋಟಿಗೆ ಮರಳುವುದೂ ಒಂದು ಮಾರ್ಗ. ಆದರೆ ಆ ಸಲಹೆಯನ್ನು ನೀಡುವ ಅಧಿಕಾರ ಬಟ್ಟೆ ಒಗೆಯುವವರಿಗೆ ಸೇರಿದ್ದು, ಅಂಕಣ ಬರೆಯುವವರಿಗಲ್ಲ.

ವಾಹನದಲ್ಲಿ ಬರುವವರು ಯಾರೆಂಬುದನ್ನೂ ನೆನೆಯಬೇಕು. ಕರ್ನಾಟಕದ ಹಲವು ಪಂಚಾಯತಿಗಳಲ್ಲಿ ಸ್ವಚ್ಛ ವಾಹಿನಿ ಎಂಬ ಈ ವಾಹನವನ್ನು ಓಡಿಸುವವರೂ ಕಸ ವಿಂಗಡಿಸುವವರೂ ಸ್ವಸಹಾಯ ಸಂಘಗಳ ಹೆಂಗಸರು. ನೆರೆಮನೆಯ ಅಕ್ಕ, ತಂಗಿಯರು. ಒಣಕಸದ ಚೀಲದ ನಡುವೆ ಮುಚ್ಚಿಟ್ಟ ಪ್ಯಾಡನ್ನೂ ಮೀನಿನ ತಲೆಯನ್ನೂ ಒಡೆದ ಗಾಜನ್ನೂ ಬರಿಗೈಯಿಂದಲೋ ಹರಿದ ಕೈಗವಸಿನಿಂದಲೋ ಬೇರ್ಪಡಿಸುವವರು ಅವರು. ಕೊಟ್ಟವನ ಮನೆ ಯಾವುದೆಂದು ಅವರಿಗೆ ಗೊತ್ತಿರುತ್ತದೆ. ಭಾನುವಾರದ ಪೂಜೆಯಲ್ಲಿ ಪಕ್ಕದ ಸಾಲಿನಲ್ಲಿಯೇ ಕುಳಿತಿರಲೂಬಹುದು.

ಶೆಡ್ಡಿನ ಸ್ಥಳದ ಪ್ರಶ್ನೆ ಮತ್ತೊಂದು. ಕಸ ಒಯ್ಯಬೇಕೆಂದು ಎಲ್ಲರೂ ಕೇಳುತ್ತಾರೆ. ತಮ್ಮ ಮನೆಯ ಹತ್ತಿರ ವಿಂಗಡಣಾ ಘಟಕ ಬೇಡವೆಂದು ಎಲ್ಲರೂ ಮನವಿಗೆ ಸಹಿ ಹಾಕುತ್ತಾರೆ. ಅರಣ್ಯಭೂಮಿಯೇ ಬಹುಪಾಲು ಇರುವ ಉತ್ತರ ಕನ್ನಡ ಜಿಲ್ಲೆಯಲ್ಲಿ ಪಂಚಾಯತಿಗೆ ಕೈಗೆ ಸಿಗುವ ಜಾಗ ಮೊದಲೇ ಅಲ್ಪ. ಜನರ ಅಂಜಿಕೆಯನ್ನು ಹಗುರವಾಗಿ ಕಾಣಲಾಗದು, ಪಚ್ಚನಾಡಿಯನ್ನು ಕಂಡವರ ಅಂಜಿಕೆ ಅದು. ಆದರೆ ಒಣಕಸವನ್ನು ಮಾತ್ರ ತಂದು, ಬೇರ್ಪಡಿಸಿ, ಕಟ್ಟಿ ಕಳುಹಿಸುವ ಶೆಡ್ಡು ಕಸದ ಗುಡ್ಡವಲ್ಲ. ಉಡುಪಿ ಜಿಲ್ಲೆಯ ವಂಡ್ಸೆ ಗ್ರಾಮ ಪಂಚಾಯತಿ ಇದನ್ನು ಮೊದಲೇ ಮಾಡಿ ತೋರಿಸಿ ಹೊರ ಊರಿನವರು ನೋಡಲು ಬರುವಂತಾಯಿತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ನಿರ್ವಹಿಸಬಲ್ಲ ಘಟಕವಿದೆ. ಹತ್ತಾರು ಪಂಚಾಯತಿಗಳ ಕಸ ಅಲ್ಲಿಗೆ ಸೇರುತ್ತದೆ. ಒಂದೊಂದು ಹಳ್ಳಿ ತಾನೇ ಎಲ್ಲವನ್ನೂ ಮಾಡಬೇಕಿಲ್ಲ ಎಂಬುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳೂ ಅದರಿಂದ ಕಲಿಯಬಹುದು. ಆದರೆ ಹಸಿ ಕಸ ಬೆರೆತ ಒಂದು ಚೀಲ ಒಳಗೆ ಬಂದರೆ ಶೆಡ್ಡು ನಾರತೊಡಗುತ್ತದೆ, ನೆರೆಯವರ ಮನವಿ ನ್ಯಾಯವೇ ಆಗಿಬಿಡುತ್ತದೆ. ಘಟಕ ಎಲ್ಲಿರಬೇಕೆಂಬ ಜಗಳದ ತೀರ್ಪು ನಮ್ಮ ಅಡಿಗೆಮನೆಗಳಲ್ಲಿ ಆಗುತ್ತದೆ.

ಇನ್ನು ನಮ್ಮ ಮನೆತನಗಳಿಗೆ ನೇರವಾಗಿ ತಾಗುವ ಒಂದು ವಿಧಿ. ಪರವಾನಗಿಯಿಲ್ಲದ ಸ್ಥಳದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭ ಮಾಡುವವರು ಮೂರು ಕೆಲಸದ ದಿನಗಳಿಗೆ ಮುನ್ನ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ವಿಂಗಡಿಸಿಯೇ ಒಪ್ಪಿಸಬೇಕು ಎಂದು 2016ರ ನಿಯಮಾವಳಿ ಹೇಳಿತ್ತು. ನೂರು ಜನ ಸೇರದ ರೋಸ್ ಎಲ್ಲಿದೆ? ಮದುವೆ, ನಾಮಕರಣ, ಪರಮಪ್ರಸಾದದ ಮೊದಲ ಸ್ವೀಕಾರ, ಧರ್ಮಕೇಂದ್ರದ ವಾರ್ಷಿಕ ಹಬ್ಬ, ಯಾವುದಕ್ಕೂ ಇನ್ನೂರಕ್ಕೆ ಕಡಿಮೆ ಎಲೆ ಬೀಳುವುದಿಲ್ಲ. ಎಲೆ ಎಂದದ್ದು ಅಭ್ಯಾಸಬಲದಿಂದ, ಬೀಳುವುದು ಎಲೆಯಲ್ಲ. ಹಾಳೆತಟ್ಟೆಯ ತವರಾದ ಈ ಅಡಕೆ ಸೀಮೆಯಲ್ಲಿಯೇ ಥರ್ಮೋಕೋಲ್ ತಟ್ಟೆಗಳ ರಾಶಿಯನ್ನು ಊಟದ ಚಪ್ಪರದ ಹಿಂದೆ ಕಂಡು ಈ ಲೇಖಕ ಅಡಗಿಸಲಾಗದ ಸಿಟ್ಟಿನಿಂದ ಮನೆಗೆ ಮರಳಿದ ಸಂದರ್ಭವೊಂದುಂಟು. ಯಾರ ಮನೆಯ ಸಮಾರಂಭವೆಂಬುದು ಇಲ್ಲಿ ಬೇಡ. ಊಟವನ್ನು ಮಾಡಿಯೇ ಬಂದಿದ್ದನೆಂಬುದನ್ನೂ ಒಪ್ಪಿಕೊಳ್ಳಬೇಕು.

2022ರ ಜುಲೈ 1ರಿಂದ ದೇಶದಲ್ಲೆಲ್ಲ ಒಮ್ಮೆ ಬಳಸಿ ಬಿಸುಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಹೀರುಕೊಳವೆಗಳಿಗೆ ನಿಷೇಧವಿದೆ. ಅಲಂಕಾರದ ಥರ್ಮೋಕೋಲಿಗೂ, ಆಮಂತ್ರಣ ಪತ್ರಿಕೆ ಮತ್ತು ಸಿಹಿತಿಂಡಿಯ ಪೆಟ್ಟಿಗೆಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಗೂ ಇದು ಅನ್ವಯ. ಮದುವೆಯ ಆಮಂತ್ರಣ ಹಂಚುವ ತಂದೆತಾಯಂದಿರಲ್ಲಿ ಎಷ್ಟು ಜನರಿಗೆ ಇದು ತಿಳಿದಿದೆ? ನವೆಂಬರ್ 2ರ ಮೃತರ ಸ್ಮರಣೆಯ ದಿನ ಸಮಾಧಿಗಳ ಮೇಲೆ ಇಡುವ ಪ್ಲಾಸ್ಟಿಕ್ ಹೂಮಾಲೆ ಮುಂದಿನ ಮಳೆಗಾಲದವರೆಗೆ ಬಣ್ಣಗೆಟ್ಟು ಅಲ್ಲಿಯೇ ಬಿದ್ದಿರುವುದನ್ನು ಎಲ್ಲರೂ ಕಂಡಿದ್ದೇವೆ. ಹಿತ್ತಲಿನ ಸೇವಂತಿಗೆ ಎರಡು ದಿನಕ್ಕೆ ಬಾಡುತ್ತದೆ, ಮೂರನೆಯ ದಿನ ಮಣ್ಣು ಸೇರುತ್ತದೆ. ದಿವಂಗತ ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ 'ಲಾವ್ದಾತೊ ಸಿ' ಪರಿಪತ್ರದಲ್ಲಿ ಪ್ಲಾಸ್ಟಿಕ್ ಬಳಕೆಯನ್ನು ತಗ್ಗಿಸುವುದನ್ನೂ, ಕಸ ಬೇರ್ಪಡಿಸುವುದನ್ನೂ, ಉಣ್ಣಲಾಗುವಷ್ಟನ್ನೇ ಅಡಿಗೆ ಮಾಡುವುದನ್ನೂ ಹೆಸರಿಸಿಯೇ ಹೇಳಿದ್ದಾರೆ. ಮೂರನೆಯದು ನಮ್ಮ ಸಮಾರಂಭಗಳಿಗೆಂದೇ ಬರೆದಂತಿದೆ.

ದಂಡದ ಮಾತು ಬಂದಾಗ ಅಧಿಕಾರಿಗಳ ದನಿ ಏರುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿಯೇ ಬಯಲಿನಲ್ಲಿ ಕಸ ಸುಡುವವರಿಗೆ 5000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ವಿಧಿಸಲು ಆದೇಶಿಸಿತು. ಪ್ಲಾಸ್ಟಿಕ್ ಹೊಗೆಯ ವಿಷವನ್ನು ನೋಡಿದರೆ ದಂಡ ಹೆಚ್ಚಲ್ಲ. ಬಚ್ಚಲ ಒಲೆಯ ಮುಂದೆ ಬಗ್ಗಿ ಆ ಹೊಗೆ ಕುಡಿಯುವವರು ಮನೆಯ ಹೆಂಗಸರು, ಮಕ್ಕಳೇ. ಆದರೆ ಕಸ ಕೊಂಡೊಯ್ಯುವ ವ್ಯವಸ್ಥೆಯನ್ನೇ ಮಾಡದ ಪಂಚಾಯತಿ ಕಸ ಸುಟ್ಟವನಿಗೆ ದಂಡ ಹಾಕಹೊರಟರೆ ಅದು ನ್ಯಾಯವೆನಿಸದು. ವಾಹನ ಮೊದಲು ಬರಲಿ, ಆರು ತಿಂಗಳು ತಪ್ಪದೆ ಬರಲಿ. ಆ ಮೇಲೆ ಘಟ್ಟದ ತಿರುವಿನಲ್ಲಿ ಚೀಲ ಎಸೆದವನ ಮೇಲೆ, ಅವನು ಊರಿನವನಾಗಲಿ ಪ್ರವಾಸಿಯಾಗಲಿ, ದಯೆ ತೋರಬೇಕಾಗಿಲ್ಲ.

ಇದನ್ನೆಲ್ಲ ತೀರ್ಮಾನಿಸುವ ಸ್ಥಳ ಗ್ರಾಮಸಭೆ. ಈ ಸೀಮೆಯಲ್ಲಿ ನಮ್ಮ ಕುಟುಂಬಗಳ ಸಂಖ್ಯೆ ಕಡಿಮೆ. ಸಂಖ್ಯೆ ಕಡಿಮೆಯೆಂಬ ನೆಪದಿಂದ ಗ್ರಾಮಸಭೆಗೆ ಹೋಗದಿರುವವರ ಸಂಖ್ಯೆ ಅದಕ್ಕಿಂತ ಹೆಚ್ಚು. ಮುಂದಿನ ಸಭೆಗೆ ಹೋದವರು ಕೇಳಬೇಕಾದ ಪ್ರಶ್ನೆಗಳು ಸರಳವಾದವು. ಒಣಕಸದ ವಾಹನ ತಿಂಗಳ ಯಾವ ದಿನ, ಎಲ್ಲಿ ನಿಲ್ಲುತ್ತದೆ? ಒಯ್ದ ಕಸ ಕೊನೆಗೆ ಎಲ್ಲಿಗೆ ಸೇರುತ್ತದೆ? ಅಡಕೆಯ ಕೊಟ್ಟೆಯನ್ನೂ ಕೀಟನಾಶಕದ ಡಬ್ಬಿಯನ್ನೂ ತೆಗೆದುಕೊಳ್ಳುವರೇ? ಕಸ ಹೆಕ್ಕುವ ಹೆಂಗಸರಿಗೆ ತಿಂಗಳ ಸಂಬಳ ಎಷ್ಟು, ಅದು ಸಕಾಲಕ್ಕೆ ಸಿಗುತ್ತಿದೆಯೇ? ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ, ದಾರಿ ಕೆಸರಾಗಿ ಮಣ್ಣು ಜಾರುವ ಆ ನಾಲ್ಕು ತಿಂಗಳು, ವಾಹನ ಮೇಲೆ ಹತ್ತಲಾಗದಿದ್ದರೆ ಚೀಲಗಳನ್ನು ಒಣಗಿದ ಜಾಗದಲ್ಲಿ ಇಡಲು ಊರಿನಲ್ಲಿ ಒಂದು ಕೋಣೆಯನ್ನು ಯಾರು ಬಿಟ್ಟುಕೊಡುತ್ತಾರೆ?